ಒಂದೇ ಪಾಠವನ್ನು ಮೂರು ತಾಲ್ಲೂಕು ಮತ್ತೆ ಮತ್ತೆ ಟೈಪ್ ಮಾಡುವುದು ಬೇಡ

ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಎಲ್ಲ ಗುರುಗಳೇ, ಅಕ್ಕೋರೇ,

‘ಒಂದು ಪಾಠದ ಪಿಪಿಟಿ ಮಾಡ್ಲಿಕ್ಕ ಮೂರು ತಾಸು ಹಿಡೀತದ್ರಿ ಸರ್. ಹೇಳೋದು ನಲ್ವತ್ತೇ ನಿಮಿಷ. ಮನಿ ಕೆಲಸ, ಶಾಲಿ ಲೆಕ್ಕಪತ್ರ ಎಲ್ಲಾ ಮುಗಿಸಿ ರಾತ್ರಿ ಕುಂತ್ರ ಹನ್ನೊಂದು ಹೊಡೀತದ. ಇದು ವಾರಾ ವಾರಾ ಆಗೋ ಮಾತಲ್ರಿ.’ ಸಮಾಲೋಚನಾ ಸಭೆಯೊಂದರಲ್ಲಿ ವಿಜ್ಞಾನದ ಅಕ್ಕೋರೊಬ್ಬರು ಹೀಗೆ ಅಂದಾಗ ಕುಳಿತವರೆಲ್ಲ ಹೌದು ಹೌದೆಂದರು. ಅವರ ಮಾತಿನಲ್ಲಿ ಸುಳ್ಳಿಲ್ಲ. ಬಿಸಿಯೂಟದ ಲೆಕ್ಕ, ಹಾಲು, ಮೊಟ್ಟೆ, ಎಸ್‌ಎಟಿಎಸ್ ನಮೂದು, ವಿದ್ಯಾರ್ಥಿವೇತನದ ಅರ್ಜಿ, ಮತಗಟ್ಟೆ ಕೆಲಸ, ಸಮೀಕ್ಷೆ ಇವೆಲ್ಲ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ಪಾಠದ ತಯಾರಿ ನಡೆಯಬೇಕು. 2025ರ ಎಸ್‌ಎಸ್‌ಎಲ್‌ಸಿ ಪರೀಕ್ಷೆ-1ರಲ್ಲಿ ಶೇಕಡ 42.43 ಫಲಿತಾಂಶದೊಂದಿಗೆ ಕಲಬುರಗಿ ಜಿಲ್ಲೆ ರಾಜ್ಯದಲ್ಲೇ ಕೊನೆಗೆ ನಿಂತಾಗ ನಮ್ಮ ಮೇಲಿನ ಒತ್ತಡ ಇನ್ನಷ್ಟು ಏರಿತು. ವಿಶೇಷ ತರಗತಿ ಬೇಕು, ಗುಂಪು ಅಧ್ಯಯನ ಬೇಕು, ಸ್ಮಾರ್ಟ್ ಕ್ಲಾಸ್ ಬಳಸಿದ್ದಕ್ಕೆ ಫೋಟೊ ಬೇಕು. ಹೊತ್ತನ್ನು ಮಾತ್ರ ಯಾರೂ ಕೊಡಲಿಲ್ಲ.

ಆದ್ದರಿಂದ ಆ ಹೊತ್ತನ್ನು ನಾವೇ ಉಳಿಸಿಕೊಳ್ಳಬೇಕು. ಹೇಗೆಂದು ನನಗೆ ತಿಳಿದಷ್ಟನ್ನು ಬರೆಯುತ್ತಿದ್ದೇನೆ.

ಮೊದಲು ಆ ಮೂರು ತಾಸು ಎಲ್ಲಿ ಹೋಗುತ್ತವೆ ನೋಡೋಣ. ಪಾಠದ ಬಗ್ಗೆ ಯೋಚಿಸಲು ಅಷ್ಟು ಹೊತ್ತು ಬೇಕಾಗಿಲ್ಲ, ಪಾಠ ನಿಮಗೆ ಬಾಯಿಪಾಠ. ಹೊತ್ತು ಹೋಗುವುದು ಕನ್ನಡ ಟೈಪ್ ಮಾಡುವುದರಲ್ಲಿ, ಕೆಟ್ಟ ಅಕ್ಷರ ಸರಿಪಡಿಸುವುದರಲ್ಲಿ, ಒಂದೊಂದು ಸ್ಲೈಡಿಗೂ ಬೇರೆ ಬೇರೆ ಬಣ್ಣ ಹಚ್ಚುವುದರಲ್ಲಿ, ಚಿತ್ರ ಹುಡುಕುವುದರಲ್ಲಿ. ಇವೆಲ್ಲಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ರಾಜ್ಯಕ್ಕೆಲ್ಲ ಒಂದೇ ಪಠ್ಯಪುಸ್ತಕ. ಗಡಿಯಂಚಿನ ಖಜೂರಿಯಲ್ಲಿ ಒಬ್ಬರು ಎಂಟನೆಯ ತರಗತಿಯ ಒಂದು ಪಾಠಕ್ಕೆ ಪಿಪಿಟಿ ಮಾಡುತ್ತಿರುವ ರಾತ್ರಿಯೇ ಕರಜಗಿಯಲ್ಲಿ ಇನ್ನೊಬ್ಬರು, ನೆಲೋಗಿಯಲ್ಲಿ ಮತ್ತೊಬ್ಬರು ಅದೇ ಪಾಠದ ಅದೇ ಸಾಲುಗಳನ್ನು ಟೈಪ್ ಮಾಡುತ್ತಿರುತ್ತಾರೆ. ಒಬ್ಬರದು ಇನ್ನೊಬ್ಬರಿಗೆ ಸಿಗುವುದಿಲ್ಲ. ಸಿಕ್ಕರೂ ತೆರೆಯುವುದಿಲ್ಲ. ತೆರೆದರೂ ಅಕ್ಷರ ಕಾಣುವುದಿಲ್ಲ.

ಅಕ್ಷರ ಯಾಕೆ ಕಾಣುವುದಿಲ್ಲ ಎಂಬುದನ್ನು ವಿವರವಾಗಿಯೇ ಹೇಳುತ್ತೇನೆ. ಇದೊಂದು ಗಂಟು ಬಿಚ್ಚಿದರೆ ಬಹಳ ಸಮಯ ಉಳಿಯುತ್ತದೆ.

ನಮ್ಮಲ್ಲಿ ಹೆಚ್ಚಿನವರು ಕನ್ನಡ ಟೈಪಿಂಗ್ ಕಲಿತದ್ದು ನುಡಿ ಅಥವಾ ಬರಹದಲ್ಲಿ. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಸರ್ಕಾರಿ ಕಚೇರಿಗಳನ್ನೆಲ್ಲ ತಲುಪಿತು. ಕಂಪ್ಯೂಟರಿನಲ್ಲಿ ಕನ್ನಡ ನಿಂತದ್ದರಲ್ಲಿ ಈ ಎರಡರ ಪಾಲು ದೊಡ್ಡದು. ಆದರೆ ಅವುಗಳ ಹಳೆಯ ಫಾಂಟುಗಳು ಒಳಗೊಳಗೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಇಟ್ಟುಕೊಂಡಿರುತ್ತವೆ. ಆ ಫಾಂಟು ಇರುವ ಕಂಪ್ಯೂಟರಿನಲ್ಲಿ ಕನ್ನಡ ಕಾಣುತ್ತದೆ. ಇಲ್ಲದ ಕಡೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳೆಲ್ಲ ಕಲಸಿದ ಗೋಜಲು ಕಾಣುತ್ತದೆ. ಮನೆಯ ಲ್ಯಾಪ್‌ಟಾಪಿನಲ್ಲಿ ಚೆಂದ ಕಂಡ ಪಾಠ ಶಾಲೆಯ ಪರದೆಯ ಮೇಲೆ ಕೆಟ್ಟು ನಿಲ್ಲುವುದು ಇದರಿಂದ. ಆಗ ಅನೇಕರು ಎಲ್ಲವನ್ನೂ ಆಯ್ದುಕೊಂಡು ಫಾಂಟ್ ಬದಲಿಸಲು ಹೋಗುತ್ತಾರೆ. ಅದರಿಂದ ಪ್ರಯೋಜನವಿಲ್ಲ. ಒಳಗೆ ಇರುವುದು ಕನ್ನಡವೇ ಅಲ್ಲವಾದ್ದರಿಂದ ಯಾವ ಫಾಂಟೂ ಅದನ್ನು ಕನ್ನಡವಾಗಿ ತೋರಿಸಲಾರದು.

ಇದಕ್ಕೆ ಪರಿಹಾರ ಯೂನಿಕೋಡ್. ಯೂನಿಕೋಡಿನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಜಾಗವಿದೆ. ಹಾಗೆ ಟೈಪ್ ಮಾಡಿದ್ದು ಆಳಂದದ ಕಂಪ್ಯೂಟರಿನಲ್ಲೂ ಕನ್ನಡ, ನಿಮ್ಮ ಮೊಬೈಲಿನಲ್ಲೂ ಕನ್ನಡ. ಇದಕ್ಕಾಗಿ ಹೊಸ ಕೀಲಿಮಣೆ ಕಲಿಯಬೇಕಾಗಿಲ್ಲ. ಹೊಸ ನುಡಿಯಲ್ಲಿ, ಬರಹದಲ್ಲಿ ಯೂನಿಕೋಡ್ ಆಯ್ಕೆ ಇದೆ, ಅದನ್ನು ಒತ್ತಿಟ್ಟುಕೊಂಡರೆ ಬೆರಳುಗಳ ರೂಢಿ ಹಾಗೇ ಉಳಿಯುತ್ತದೆ. ವಿಂಡೋಸ್ 10ಕ್ಕೆ 2019ರಿಂದ ಕನ್ನಡ ಫೊನೆಟಿಕ್ ಕೀಲಿಮಣೆ ಬಂದಿದೆ. ಸೆಟ್ಟಿಂಗ್ಸಿನ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಸೇರಿಸಿ, ಅದರ ಆಯ್ಕೆಗಳಲ್ಲಿ ಫೊನೆಟಿಕ್ ಕೀಲಿಮಣೆ ಸೇರಿಸಿದರೆ ಸಾಕು. ಆಮೇಲೆ ವಿಂಡೋಸ್ ಕೀಲಿ ಮತ್ತು ಸ್ಪೇಸ್ ಕೀಲಿ ಒಟ್ಟಿಗೆ ಒತ್ತಿದರೆ ಇಂಗ್ಲಿಷಿನಿಂದ ಕನ್ನಡಕ್ಕೆ, ಕನ್ನಡದಿಂದ ಇಂಗ್ಲಿಷಿಗೆ. ಶಾಲೆಯ ಲ್ಯಾಬಿನಲ್ಲಿ ಉಬುಂಟು ಇದ್ದರೆ ಅದರ ಕೀಲಿಮಣೆಗಳ ಪಟ್ಟಿಯಲ್ಲಿ ಕನ್ನಡ ಗಣಕ ಪರಿಷತ್ತಿನ ಕಗಪ ವಿನ್ಯಾಸ ಇದ್ದೇ ಇದೆ.

ಹಳೆಯ ನುಡಿ ಫೈಲುಗಳನ್ನು ಎಸೆಯಬೇಡಿ. ನುಡಿ, ಬರಹದ ಪಠ್ಯವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಪಠ್ಯವನ್ನು ನಕಲು ಮಾಡಿ ಅದರಲ್ಲಿ ಹಾಕಿ, ಹೊರಗೆ ಬಂದದ್ದನ್ನು ಒಮ್ಮೆ ಓದಿ. ಅರ್ಕಾವತ್ತು ಬರುವ ಪದಗಳಲ್ಲಿ ತಪ್ಪು ಉಳಿಯುವುದು ಹೆಚ್ಚು. ‘ಕಾರ್ಯ’, ‘ವರ್ಗ’, ‘ಸೂರ್ಯ’ ಇಂಥವನ್ನು ಕಣ್ಣಿಟ್ಟು ನೋಡಿ. ಲಿಬ್ರೆ ಆಫೀಸ್ ಇಂಪ್ರೆಸ್ ಬಳಸುವವರಿಗೆ ಇನ್ನೊಂದು ಮಾತು. ಅಲ್ಲಿ ಕನ್ನಡದ ಫಾಂಟು ಬದಲಿಸಿದರೂ ಏನೂ ಆಗದಂತೆ ಕಾಣುವುದುಂಟು. ಇಂಪ್ರೆಸ್ ಕನ್ನಡವನ್ನು ಸಂಕೀರ್ಣ ಲಿಪಿಗಳ ಗುಂಪಿನಲ್ಲಿ ಇಟ್ಟಿದೆ. ಟೂಲ್ಸ್, ಆಪ್ಷನ್ಸ್, ಭಾಷೆಗಳ ವಿಭಾಗಕ್ಕೆ ಹೋಗಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಎಂಬಲ್ಲಿ ಗುರುತು ಹಾಕಿ ಕನ್ನಡ ಆರಿಸಿಕೊಳ್ಳಿ. ಆಮೇಲೆ ಅಕ್ಷರದ ಸಂವಾದ ಪೆಟ್ಟಿಗೆಯಲ್ಲಿ ಆ ಗುಂಪಿನ ಫಾಂಟನ್ನು ಬೇರೆಯಾಗಿ ಬದಲಿಸಬಹುದು. ಸರ್ಕಾರದ ಟಾಲ್ಪ್ ಕಂಪ್ಯೂಟರ್ ತರಬೇತಿಯಲ್ಲಿ ಇಂಪ್ರೆಸ್ ಕಲಿತು ಶಾಲೆಗೆ ಬಂದು ಕೈಬಿಟ್ಟವರಲ್ಲಿ ಅನೇಕರು ಸೋತದ್ದು ಇಲ್ಲಿಯೇ.

ಟೈಪಿಂಗ್ ನಿಧಾನ ಎನ್ನುವವರು ಮೊಬೈಲನ್ನು ಬಳಸಿ. ಗೂಗಲ್ಲಿನ ಧ್ವನಿ ಟೈಪಿಂಗ್ 2017ರಿಂದ ಕನ್ನಡ ಬಲ್ಲದು. ಕೀಲಿಮಣೆಯ ಮೈಕ್ ಒತ್ತಿ ಹೇಳುತ್ತ ಹೋದರೆ ಅದು ಬರೆಯುತ್ತದೆ. ನಮ್ಮ ಭಾಗದ ಆಡುಮಾತಿಗೆ ಅದು ತಡವರಿಸುತ್ತದೆ. ಪುಸ್ತಕ ಓದುವ ಹಾಗೆ ಬಿಡಿಸಿ ಹೇಳಿದರೆ ಚೆನ್ನಾಗಿ ಹಿಡಿಯುತ್ತದೆ. ಪಠ್ಯಪುಸ್ತಕದ ಒಂದು ವಾಕ್ಯವೋ ಕೋಷ್ಟಕವೋ ಬೇಕಾದರೆ ಗೂಗಲ್ ಲೆನ್ಸ್ ತೆರೆದು ಪುಟದ ಮೇಲೆ ಹಿಡಿಯಿರಿ. ಅಕ್ಷರಗಳನ್ನು ಬೆರಳಿನಿಂದ ಆಯ್ದು ನಕಲು ಮಾಡಬಹುದು. ಪಠ್ಯಪುಸ್ತಕದ ಪಿಡಿಎಫ್‌ನಿಂದ ನೇರ ನಕಲು ಮಾಡಿದರೆ ಹಲವು ಸಲ ಅದೇ ಹಳೆಯ ಗೋಜಲು ಬರುತ್ತದೆ. ಅಲ್ಲಿಯೂ ಲೆನ್ಸ್ ಸುಲಭ.

ಇಷ್ಟು ಹೇಳಿದ ಮೇಲೆ ಒಂದು ವಿನಂತಿ: ಪುಸ್ತಕವನ್ನೇ ಸ್ಲೈಡಿಗೆ ಇಳಿಸಬೇಡಿ. ಪುಸ್ತಕ ಮಕ್ಕಳ ಕೈಯಲ್ಲಿಯೇ ಇದೆ. ಪರದೆಯ ಮೇಲೆ ಬರಬೇಕಾದದ್ದು ಪುಸ್ತಕದಲ್ಲಿ ಇಲ್ಲದ್ದು, ಅಥವಾ ಪುಸ್ತಕದಲ್ಲಿ ಚಿಕ್ಕದಾಗಿ ಇರುವುದು. ಒಂದು ದೊಡ್ಡ ನಕ್ಷೆ, ನಮ್ಮೂರಿನ ಒಂದು ಚಿತ್ರ, ಒಂದು ಪ್ರಶ್ನೆ. ಹೀಗೆ ಅಂದುಕೊಂಡರೆ ಟೈಪ್ ಮಾಡಬೇಕಾದದ್ದೇ ಬಹಳ ಕಡಿಮೆಯಾಗುತ್ತದೆ. ಒಬ್ಬರೇ ಕೂತು ಮಾಡುವ ಕೆಲಸದಲ್ಲಿ, ನನ್ನ ಮಟ್ಟಿಗೆ, ಇದಕ್ಕಿಂತ ದೊಡ್ಡ ಉಳಿತಾಯ ಇನ್ನೊಂದಿಲ್ಲ.

ಒಂದು ಉದಾಹರಣೆಯನ್ನು ಪೂರ್ತಿ ಮಾಡಿ ತೋರಿಸುತ್ತೇನೆ. ನದಿಗಳ ಪಾಠ ಬಂದಿದೆ ಎಂದುಕೊಳ್ಳಿ. ನಮ್ಮ ಮೂರೂ ತಾಲ್ಲೂಕಿಗೆ ಭೀಮಾ ನದಿಗಿಂತ ಒಳ್ಳೆಯ ಉದಾಹರಣೆ ಬೇಕಾಗಿಲ್ಲ. ಕಂಪ್ಯೂಟರ್ ತೆರೆಯುವ ಮೊದಲು ಒಂದು ಹಾಳೆಯ ಮೇಲೆ ಐದು ತಲೆಬರಹ ಬರೆದುಕೊಳ್ಳಿ: ಹುಟ್ಟು, ಹರಿವು, ಉಪನದಿಗಳು, ಬ್ಯಾರೇಜ್, ನೆರೆ. ಒಂದೊಂದರ ಕೆಳಗೆ ಎರಡೋ ಮೂರೋ ಪದಗುಚ್ಛ. ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟು. 861 ಕಿಲೋಮೀಟರ್ ಹರಿವು. ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆಗೆ ಸೇರ್ಪಡೆ. ಉಪನದಿಗಳಲ್ಲಿ ನೀರಾ, ಸೀನಾ, ಅಮರ್ಜಾ, ಕಾಗಿಣಾ.

ಈಗ ಪವರ್‌ಪಾಯಿಂಟ್ ತೆರೆದು ವ್ಯೂ ಮೆನುವಿನಲ್ಲಿ ಔಟ್‌ಲೈನ್ ವ್ಯೂ ಒತ್ತಿ. ಎಡಗಡೆಯ ಪಟ್ಟಿಯಲ್ಲಿ ‘ಹುಟ್ಟು’ ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ ಹೊಸ ಸ್ಲೈಡ್ ಹುಟ್ಟುತ್ತದೆ. ಅಲ್ಲಿ ಟ್ಯಾಬ್ ಒತ್ತಿದರೆ ಅದು ಹಿಂದಿನ ಸ್ಲೈಡಿನ ಅಂಶವಾಗಿ ಕೆಳಗೆ ಸೇರುತ್ತದೆ. ಅಂಶಗಳು ಮುಗಿದ ಮೇಲೆ ಎಂಟರ್ ಒತ್ತಿ, ಶಿಫ್ಟ್ ಮತ್ತು ಟ್ಯಾಬ್ ಒತ್ತಿದರೆ ಮತ್ತೆ ಹೊಸ ಸ್ಲೈಡಿನ ತಲೆಬರಹ. ಮೌಸ್ ಮುಟ್ಟದೆ ಐದೂ ಸ್ಲೈಡ್ ಮುಗಿಯುತ್ತವೆ. ವರ್ಡ್‌ನಲ್ಲಿ ಬರೆಯುವ ರೂಢಿ ಇದ್ದವರು ಅಲ್ಲಿಯೇ ತಲೆಬರಹಗಳಿಗೆ ಹೆಡಿಂಗ್ 1, ಅಂಶಗಳಿಗೆ ಹೆಡಿಂಗ್ 2 ಶೈಲಿ ಕೊಟ್ಟು ಉಳಿಸಿ. ಪವರ್‌ಪಾಯಿಂಟಿನ ನ್ಯೂ ಸ್ಲೈಡ್ ಪಟ್ಟಿಯ ಕೆಳಗೆ ಸ್ಲೈಡ್ಸ್ ಫ್ರಮ್ ಔಟ್‌ಲೈನ್ ಎಂಬುದಿದೆ. ಅದರಲ್ಲಿ ಆ ಫೈಲನ್ನು ತೋರಿಸಿದರೆ ಎಲ್ಲ ಸ್ಲೈಡುಗಳೂ ಒಮ್ಮೆಗೇ ಬರುತ್ತವೆ. ಲಿಬ್ರೆ ಆಫೀಸ್ ರೈಟರಿನಲ್ಲಿಯೂ ಫೈಲ್ ಮೆನುವಿನ ಸೆಂಡ್ ಒಳಗೆ ಇದೇ ಸೌಲಭ್ಯವಿದೆ.

ಇನ್ನು ಚಿತ್ರಗಳು. ನಕ್ಷೆಗಾಗಿ ಪಠ್ಯಪುಸ್ತಕ ಸಂಘದ ಪಿಡಿಎಫ್ ತೆರೆದು ವಿಂಡೋಸ್, ಶಿಫ್ಟ್, ಎಸ್ ಮೂರನ್ನೂ ಒತ್ತಿ ಬೇಕಾದಷ್ಟೇ ಭಾಗ ಕತ್ತರಿಸಿಕೊಳ್ಳಿ. ಕಂಟ್ರೋಲ್ ವಿ ಒತ್ತಿದರೆ ಸ್ಲೈಡಿಗೆ ಬಂತು. ಆಳಂದದವರು ಕೋರಳ್ಳಿಯ ಅಮರ್ಜಾ ಜಲಾಶಯದ ಫೋಟೊ ಹಾಕಲಿ. ಅಫಜಲಪುರದವರಿಗೆ ಸೊನ್ನ ಬ್ಯಾರೇಜ್ ಇದೆ, ಗಾಣಗಾಪುರದಲ್ಲಿ ಅಮರ್ಜೆ ಭೀಮೆಯನ್ನು ಕೂಡುವ ಸಂಗಮವಿದೆ. ಜೇವರ್ಗಿಯವರು ಕಟ್ಟಿಸಂಗಾವಿಯ ಸೇತುವೆ ತೋರಿಸಲಿ. ಆಳಂದದಲ್ಲಿ ಸುರಿದ ಮಳೆ ಗಾಣಗಾಪುರದಲ್ಲಿ ಭೀಮೆಗೆ ಕೂಡಿ ಜೇವರ್ಗಿಯ ಸೇತುವೆಯ ಕೆಳಗೆ ಹೋಗುತ್ತದೆ ಎಂದು ಒಂದು ಬಾಣದ ಗುರುತಿನಿಂದ ಪರದೆಯ ಮೇಲೆ ತೋರಿಸಿದರೆ ಉಪನದಿ ಎಂದರೇನು ಎಂದು ಮಗುವಿಗೆ ಮತ್ತೆ ಹೇಳಬೇಕಾಗಿಲ್ಲ. ಕೊನೆಯ ಸ್ಲೈಡಿಗೆ 2020ರ ಅಕ್ಟೋಬರಿನ ನೆರೆ. ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಬಿಟ್ಟ ನೀರು ಭೀಮಾ ತೀರದ ಊರುಗಳಿಗೆ ನುಗ್ಗಿದ್ದನ್ನು ಈ ಮಕ್ಕಳ ಮನೆಯವರು ಕಂಡಿದ್ದಾರೆ. ಅಲ್ಲಿ ಮಾಹಿತಿ ತುಂಬಬೇಡಿ, ಒಂದೇ ಸಾಲು ಇರಲಿ: ‘ಆ ವರ್ಷ ನಿಮ್ಮ ಊರಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು? ಮನೆಯಲ್ಲಿ ಕೇಳಿಕೊಂಡು ಬನ್ನಿ.’

ಬಣ್ಣ, ಅಲಂಕಾರದ ವಿಷಯ ಬೇಗ ಮುಗಿಸುತ್ತೇನೆ. ವ್ಯೂ ಮೆನುವಿನಲ್ಲಿ ಸ್ಲೈಡ್ ಮಾಸ್ಟರ್ ತೆರೆದು ಒಮ್ಮೆ ಫಾಂಟು, ಅಕ್ಷರದ ಗಾತ್ರ, ಹಿನ್ನೆಲೆ, ಶಾಲೆಯ ಹೆಸರು ಎಲ್ಲ ಹೊಂದಿಸಿ ಟೆಂಪ್ಲೇಟ್ ಆಗಿ ಉಳಿಸಿಕೊಳ್ಳಿ. ವರ್ಷವಿಡೀ ಅದೇ ಸಾಕು. ಫಾಂಟಿಗೆ ವಿಂಡೋಸ್‌ನಲ್ಲಿಯೇ ಇರುವ ನಿರ್ಮಲಾ ಯುಐ, ಇಲ್ಲವೇ ಉಚಿತವಾಗಿ ಸಿಗುವ ನೋಟೋ ಸಾನ್ಸ್ ಕನ್ನಡ ಒಳ್ಳೆಯದು. ಅಕ್ಷರದ ಗಾತ್ರ 28ಕ್ಕಿಂತ ಕಡಿಮೆ ಬೇಡ. ನಮ್ಮ ಬಿಸಿಲಿನಲ್ಲಿ ಕಿಟಕಿ ಮುಚ್ಚಿ ಕೋಣೆಯನ್ನು ಕತ್ತಲೆ ಮಾಡಲಾಗದು, ಆದ್ದರಿಂದ ತಿಳಿ ಹಿನ್ನೆಲೆಯ ಮೇಲೆ ಕಪ್ಪು ಅಕ್ಷರ. ಒತ್ತಕ್ಷರಗಳು ಒಂದರ ಮೇಲೊಂದು ಕೂರದಂತೆ ಸಾಲುಗಳ ನಡುವೆ ತುಸು ಜಾಗ ಹೆಚ್ಚಿಸಿ. ಹಾರುವ, ತಿರುಗುವ ಅನಿಮೇಶನ್ ಪೂರ್ತಿ ಬಿಟ್ಟುಬಿಡಿ. ಅದು ನಿಮ್ಮ ಅರ್ಧ ತಾಸು ತಿನ್ನುತ್ತದೆ, ಪಾಠದಲ್ಲಿ ಮಗುವಿನ ಗಮನವನ್ನೂ ತಿನ್ನುತ್ತದೆ.

ದಿನಾ ಕೈಗೆ ಬರಬೇಕಾದ ಕೀಲಿಗಳು ಕೆಲವೇ. ಕಂಟ್ರೋಲ್ ಎಂ ಹೊಸ ಸ್ಲೈಡ್ ತರುತ್ತದೆ. ಕಂಟ್ರೋಲ್ ಡಿ ಇದ್ದುದನ್ನೇ ಇನ್ನೊಂದು ಮಾಡುತ್ತದೆ, ಒಂದು ಪ್ರಶ್ನೆಯ ಸ್ಲೈಡ್ ಮಾಡಿಕೊಂಡರೆ ಹತ್ತು ಪ್ರಶ್ನೆಗೆ ಅದನ್ನೇ ಒಂಬತ್ತು ಸಲ ನಕಲಿಸಿ ಪದ ಬದಲಿಸಿದರಾಯಿತು. ಎಫ್4 ಈಗಷ್ಟೇ ಮಾಡಿದ ಕೆಲಸವನ್ನು ಮತ್ತೆ ಮಾಡುತ್ತದೆ. ಫಾರ್ಮ್ಯಾಟ್ ಪೇಂಟರ್ ಕುಂಚವನ್ನು ಎರಡು ಸಲ ಒತ್ತಿದರೆ ಎಷ್ಟು ಕಡೆ ಬೇಕಾದರೂ ಅದೇ ಶೈಲಿ ಬಳಿಯುತ್ತ ಹೋಗಬಹುದು, ಸಾಕಾದಾಗ ಎಸ್ಕೇಪ್. ಗಣಿತದವರು ಪವರ್‌ಪಾಯಿಂಟಿನಲ್ಲಿ ಆಲ್ಟ್ ಮತ್ತು ಸಮ ಚಿಹ್ನೆ ಒತ್ತಿದರೆ ಸಮೀಕರಣದ ಪೆಟ್ಟಿಗೆ ಬರುತ್ತದೆ. ಅದರಲ್ಲಿ 3/4 ಎಂದು ಬರೆದು ಸ್ಪೇಸ್ ಕೊಟ್ಟರೆ ಭಿನ್ನರಾಶಿ ತಾನೇ ಮೇಲೆ ಕೆಳಗೆ ನಿಲ್ಲುತ್ತದೆ. ರಸಾಯನ ಸೂತ್ರಗಳ ಕೆಳ ಅಂಕಿಗೆ ಆ ಅಂಕಿಯನ್ನು ಆಯ್ದು ಕಂಟ್ರೋಲ್ ಮತ್ತು ಸಮ ಚಿಹ್ನೆ ಒತ್ತಿ. ಇಂಪ್ರೆಸ್‌ನಲ್ಲಿ ಅದು ಕಂಟ್ರೋಲ್, ಶಿಫ್ಟ್, ಬಿ. ಸರ್ಕ್ಯೂಟು, ಬಲ, ಬೆಳಕಿನ ಪಾಠಗಳಿಗೆ ಚಿತ್ರ ಬಿಡಿಸುತ್ತ ಕೂರುವ ಬದಲು ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ಪ್ರಯೋಗಗಳನ್ನು ನೋಡಿ. ಅವುಗಳಲ್ಲಿ ಹಲವು ಕನ್ನಡದಲ್ಲಿಯೂ ಇವೆ, ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆ ನಡೆಯುತ್ತವೆ. ರೇಖಾಗಣಿತಕ್ಕೆ ಜಿಯೊಜೀಬ್ರಾ ಇದೆ.

ತರಗತಿಯಲ್ಲಿ ಹೊತ್ತು ಹಾಳಾಗುವುದೂ ಕಡಿಮೆಯೇನಲ್ಲ. ಪ್ರೊಜೆಕ್ಟರಿನಲ್ಲಿ ಏನೂ ಬಾರದಿದ್ದರೆ ವಿಂಡೋಸ್ ಮತ್ತು ಪಿ ಒತ್ತಿ ಡೂಪ್ಲಿಕೇಟ್ ಆರಿಸಿ. ಎಫ್5 ಒತ್ತಿದರೆ ಮೊದಲಿನಿಂದ ಶುರು, ಶಿಫ್ಟ್ ಎಫ್5 ಒತ್ತಿದರೆ ನಿಂತ ಸ್ಲೈಡಿನಿಂದ. ಮಕ್ಕಳು ಹಿಂದಿನ ಏನನ್ನೋ ಕೇಳಿದರೆ ಒಂದೊಂದೇ ಸ್ಲೈಡ್ ಹಿಂದೆ ಹೋಗಬೇಡಿ, ಆ ಸ್ಲೈಡಿನ ಸಂಖ್ಯೆ ಒತ್ತಿ ಎಂಟರ್ ಕೊಡಿ. ಎಲ್ಲಕ್ಕಿಂತ ಒಳ್ಳೆಯ ಕೀಲಿ ಬಿ. ಒತ್ತಿದರೆ ಪರದೆ ಕಪ್ಪಾಗುತ್ತದೆ, ಮಕ್ಕಳ ಕಣ್ಣು ನಿಮ್ಮ ಕಡೆ ತಿರುಗುತ್ತದೆ. ನೀವು ಕಪ್ಪುಹಲಗೆಯ ಮೇಲೆ ಬರೆದು ವಿವರಿಸಿ ಮುಗಿಸಿದ ಮೇಲೆ ಮತ್ತೆ ಬಿ ಒತ್ತಿದರೆ ಸ್ಲೈಡ್ ಹಾಗೇ ಇರುತ್ತದೆ. ಇಡೀ ಅವಧಿ ಪರದೆ ಉರಿಯುತ್ತಲೇ ಇರಬೇಕೆಂದು ಯಾವ ನಿಯಮವೂ ಇಲ್ಲ. ಸೀಮೆಸುಣ್ಣದ ಕೆಲಸವನ್ನು ಸ್ಲೈಡಿನಿಂದ ಮಾಡಿಸಲು ಹೋಗಬೇಡಿ.

ಕರೆಂಟು ಹೋಗುವ ಶಾಲೆಗಳಲ್ಲಿ, ಕಂಪ್ಯೂಟರ್ ಇಲ್ಲದೆ ಟಿ.ವಿ. ಮಾತ್ರ ಇರುವ ಶಾಲೆಗಳಲ್ಲಿ ಕೆಲಸ ಮಾಡುವವರು ಈ ಮಾತನ್ನು ಗಮನಿಸಿ. ಹಲವು ಸ್ಮಾರ್ಟ್ ಟಿ.ವಿ.ಗಳು ಪೆನ್‌ಡ್ರೈವಿನ ಪಿಪಿಟಿ ಫೈಲನ್ನು ತೆರೆಯುವುದಿಲ್ಲ, ಆದರೆ ಫೋಟೊ ತೋರಿಸುತ್ತವೆ. ಪವರ್‌ಪಾಯಿಂಟಿನಲ್ಲಿ ಸೇವ್ ಆ್ಯಸ್ ಒತ್ತಿ ಜೆಪೆಗ್ ಆರಿಸಿ, ಎಲ್ಲ ಸ್ಲೈಡ್ ಎಂದು ಹೇಳಿದರೆ ಒಂದು ಫೋಲ್ಡರಿನಲ್ಲಿ ಎಲ್ಲವೂ ಚಿತ್ರಗಳಾಗಿ ಬರುತ್ತವೆ. ಪೆನ್‌ಡ್ರೈವ್ ಟಿ.ವಿ.ಗೆ ಹಾಕಿ ರಿಮೋಟಿನ ಬಾಣದಿಂದ ಮುಂದೆ ಹೋಗಬಹುದು. ಫಾಂಟಿನ ತೊಂದರೆಯೂ ಇಲ್ಲ. ಇದರ ಜೊತೆ ಪಿಡಿಎಫ್ ಒಂದನ್ನು ಮೊಬೈಲಿನಲ್ಲಿ ಇಟ್ಟುಕೊಂಡಿರಿ. ಕರೆಂಟು ಹೋದರೆ ನಕ್ಷೆಯನ್ನು ಗುಂಪು ಗುಂಪಾಗಿ ಮಕ್ಕಳಿಗೆ ಅದರಲ್ಲಿ ತೋರಿಸಿ ಪಾಠ ಮುಂದುವರಿಸಬಹುದು. ಮೊಬೈಲಿನಲ್ಲಿ ತೆಗೆದ ಫೋಟೊಗಳನ್ನು ಹಾಗೇ ಹಾಕಿದರೆ ಫೈಲು ಉಬ್ಬಿ ಹಳೆಯ ಕಂಪ್ಯೂಟರು ನಿಂತುಬಿಡುತ್ತದೆ. ಯಾವುದಾದರೂ ಚಿತ್ರವನ್ನು ಆಯ್ದು ಕಂಪ್ರೆಸ್ ಪಿಕ್ಚರ್ಸ್ ಒತ್ತಿ, ಈ ಚಿತ್ರಕ್ಕೆ ಮಾತ್ರ ಎಂಬ ಗುರುತು ತೆಗೆದು 150 ಪಿಪಿಐ ಆರಿಸಿದರೆ ಎಲ್ಲವೂ ಸಣ್ಣವಾಗುತ್ತವೆ. ವಾಟ್ಸ್‌ಆ್ಯಪಿನಲ್ಲಿ ಮಾಮೂಲಿ ಫೋಟೊ ಆಗಿ ಕಳಿಸಿಕೊಂಡ ಚಿತ್ರವೂ ತಾನೇ ಸಣ್ಣದಾಗಿರುತ್ತದೆ, ತರಗತಿಗೆ ಅಷ್ಟು ಸಾಕು.

ಚಾಟ್‌ಜಿಪಿಟಿ, ಜೆಮಿನಿಗಳನ್ನು ಕೇಳಿದರೆ ಪಾಠದ ಸ್ಲೈಡೇ ಬರುತ್ತದಲ್ಲ ಎಂದು ಈಗ ಹಲವರು ಕೇಳುತ್ತಾರೆ. ಒಂದು ಪಾಠದ ಮೇಲೆ ಇಪ್ಪತ್ತು ಬಹು ಆಯ್ಕೆ ಪ್ರಶ್ನೆಗಳ ಕರಡು ಬೇಕಾದಾಗ ಅವು ನಿಜವಾಗಿ ಹೊತ್ತು ಉಳಿಸುತ್ತವೆ. ಆದರೆ ಇಸವಿ, ಹೆಸರು, ಅಂಕಿ ತಪ್ಪಾಗಿದ್ದರೂ ಅವು ಅಷ್ಟೇ ಧೈರ್ಯದಿಂದ ಹೇಳುತ್ತವೆ. ನಮ್ಮ ಊರು, ಹಳ್ಳಗಳ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಪುಸ್ತಕದೊಂದಿಗೆ ಸಾಲು ಸಾಲು ತಾಳೆ ನೋಡದೆ ಒಂದು ಪದವನ್ನೂ ಮಕ್ಕಳ ಮುಂದೆ ಇಡಬೇಡಿ.

ಈಗ ನನ್ನ ಮುಖ್ಯ ಬೇಡಿಕೆಗೆ ಬರುತ್ತೇನೆ. ಮೇಲೆ ಹೇಳಿದ ಎಲ್ಲ ಕೀಲಿಗಳೂ ಸೇರಿ ಒಂದು ಪಾಠಕ್ಕೆ ಒಂದೂವರೆ ತಾಸು ಉಳಿಸಿಯಾವು. ನಾವು ಪಾಠಗಳನ್ನು ಹಂಚಿಕೊಂಡರೆ ಉಳಿಯುವುದು ಇಡೀ ವರ್ಷದ ರಾತ್ರಿಗಳು. ಇದು ಹೊಸ ಮಾತೂ ಅಲ್ಲ. ಕರ್ನಾಟಕದ ವಿಷಯ ಶಿಕ್ಷಕರ ವೇದಿಕೆಗಳು ಈ ಹಾದಿ ತುಳಿದಿವೆ. ಶಿಕ್ಷಕರೇ ಸೇರಿ ಬರೆದ, ಯಾರು ಬೇಕಾದರೂ ಬಳಸಬಹುದಾದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು ಕೋಯರ್ ಎಂಬ ಹೆಸರಿನಲ್ಲಿ ಇಂದಿಗೂ ಇವೆ. 2017ರ ಶಿಕ್ಷಕರ ದಿನದಂದು ಆರಂಭವಾದ ದೀಕ್ಷಾ ಡಿಜಿಟಲ್ ವೇದಿಕೆಯ ಕ್ಯೂಆರ್ ಕೋಡ್ ಪಠ್ಯಪುಸ್ತಕದಲ್ಲಿಯೇ ಅಚ್ಚಾಗಿದೆ. ಹೊಸದನ್ನು ಮಾಡುವ ಮೊದಲು ಅಲ್ಲಿ ಇದೆಯೇ ನೋಡಿ, ಇದ್ದರೆ ಅದನ್ನೇ ತಿದ್ದಿ ಬಳಸಿ. ಆದರೆ ರಾಜ್ಯಮಟ್ಟದ ಸಂಗ್ರಹದಲ್ಲಿ ಅಮರ್ಜೆ ಇರುವುದಿಲ್ಲ, ತೊಗರಿ ರಾಶಿ ಇರುವುದಿಲ್ಲ, ಲಾಡ್ಲೆ ಮಶಾಯಕರ ದರ್ಗಾ, ಷಣ್ಮುಖ ಶಿವಯೋಗಿಗಳ ಜೇವರ್ಗಿ ಇರುವುದಿಲ್ಲ. ಅದನ್ನು ಸೇರಿಸಬೇಕಾದವರು ನಾವೇ.

ನಮ್ಮಲ್ಲಿ ಇದು ಯಾಕೆ ಹೆಚ್ಚು ಮುಖ್ಯ ಎಂದು ನಿಮಗೆ ಗೊತ್ತು. ವರ್ಗಾವಣೆಯಾದ ಗುರುಗಳ ಜೊತೆ ಅವರ ಲ್ಯಾಪ್‌ಟಾಪಿನಲ್ಲಿದ್ದ ಪಾಠಗಳೂ ಊರು ಬಿಡುತ್ತವೆ. ನಡು ವರ್ಷದಲ್ಲಿ ಬಂದ ಅತಿಥಿ ಶಿಕ್ಷಕರು ಬರಿಗೈಯಲ್ಲಿ ಶುರು ಮಾಡುತ್ತಾರೆ. ಅಪ್ಪ ಅವ್ವನ ಜೊತೆ ಕಬ್ಬು ಕಡಿಯಲಿಕ್ಕೋ, ಪುಣೆ, ಮುಂಬೈಯಲ್ಲಿ ಕಟ್ಟಡದ ಕೆಲಸಕ್ಕೋ ಗುಳೆ ಹೋದ ಮಗು ತಿಂಗಳುಗಟ್ಟಲೆ ತಪ್ಪಿಸಿಕೊಂಡು ಮರಳಿ ಬಂದಾಗ ಬಿಟ್ಟುಹೋದ ಪಾಠಗಳನ್ನು ಮತ್ತೆ ಹೇಳಲು ನಮಗೆ ಹೊತ್ತಿರುವುದಿಲ್ಲ. ಆ ಪಾಠಗಳು ಶಾಲೆಯ ಕಂಪ್ಯೂಟರಿನಲ್ಲಿ ಕ್ರಮವಾಗಿ ಇದ್ದರೆ ಮಧ್ಯಾಹ್ನದ ಬಿಡುವಿನಲ್ಲಿ ಇನ್ನೊಬ್ಬ ವಿದ್ಯಾರ್ಥಿಯ ಜೊತೆ ಆ ಮಗುವನ್ನು ಕೂಡ್ರಿಸಿ ನೋಡಿಸಬಹುದು. ನನಗೆ ಪಿಪಿಟಿಯ ಬೇರೆ ಯಾವ ಉಪಯೋಗವೂ ಇದರಷ್ಟು ದೊಡ್ಡದಾಗಿ ಕಂಡಿಲ್ಲ.

ಮಾಡಬೇಕಾದದ್ದು ಇಷ್ಟು. ಒಂದು ಕ್ಲಸ್ಟರಿನಲ್ಲಿ ಒಂದು ವಿಷಯಕ್ಕೆ ಎಷ್ಟು ಜನ ಇದ್ದಾರೋ ಅಷ್ಟು ಜನ ಪಾಠಗಳನ್ನು ಹಂಚಿಕೊಳ್ಳಲಿ. ಒಬ್ಬರ ಪಾಲಿಗೆ ವರ್ಷಕ್ಕೆ ಮೂರೋ ನಾಲ್ಕೋ ಪಾಠ ಬಂದಾವು. ಎಲ್ಲರೂ ಒಂದೇ ಟೆಂಪ್ಲೇಟ್, ಯೂನಿಕೋಡ್ ಮಾತ್ರ. ಫೈಲಿನ ಹೆಸರು ತರಗತಿ, ವಿಷಯ, ಪಾಠದ ಸಂಖ್ಯೆ, ಪಾಠದ ಹೆಸರು ಈ ಕ್ರಮದಲ್ಲಿ ಇರಲಿ. ‘ನ್ಯೂ ಫೈನಲ್ 2’ ಎಂದು ಹೆಸರಿಟ್ಟ ಫೈಲನ್ನು ಮುಂದಿನ ವರ್ಷ ಯಾರೂ ಹುಡುಕಲಾರರು. ಚಿತ್ರಗಳನ್ನು ವಿಕಿಮೀಡಿಯಾ ಕಾಮನ್ಸ್‌ನಂಥ ಮುಕ್ತ ಸಂಗ್ರಹದಿಂದ ತೆಗೆದುಕೊಳ್ಳಿ ಅಥವಾ ನೀವೇ ತೆಗೆಯಿರಿ. ಹಂಚುವ ಫೈಲಿನಲ್ಲಿ ಮಕ್ಕಳ ಮುಖ ಕಾಣುವ ಫೋಟೊ ಬೇಡ. ಮಾಡಿದವರ ಹೆಸರು ಕೊನೆಯ ಸ್ಲೈಡಿನಲ್ಲಿ ಇದ್ದೇ ಇರಲಿ, ದುಡಿಮೆಗೆ ಗುರುತು ಬೇಕು.

ಉರ್ದು ಮತ್ತು ಮರಾಠಿ ಮಾಧ್ಯಮದ ಗುರುಗಳನ್ನು ಬಿಟ್ಟು ಈ ಕೆಲಸ ಮಾಡಬಾರದು. ಚಿತ್ರ, ನಕ್ಷೆ, ಸಮೀಕರಣ ಎಲ್ಲ ಮಾಧ್ಯಮಕ್ಕೂ ಒಂದೇ, ಬದಲಾಗುವುದು ಪದಗಳು ಮಾತ್ರ. ನಿರ್ಮಲಾ ಯುಐ ಫಾಂಟಿನಲ್ಲಿ ಕನ್ನಡವೂ ಇದೆ, ಮರಾಠಿಯ ದೇವನಾಗರಿಯೂ ಇದೆ. ಉರ್ದುವಿಗೆ ಬೇರೆ ಫಾಂಟು ಬೇಕು, ಬರಹದ ದಿಕ್ಕನ್ನು ಬಲದಿಂದ ಎಡಕ್ಕೆ ಬದಲಿಸಬೇಕು, ಅದಕ್ಕೆ ಉರ್ದು ಕೀಲಿಮಣೆ ಸೇರಿಸಿಕೊಂಡ ಮೇಲೆ ಬಲಗಡೆಯ ಶಿಫ್ಟ್ ಜೊತೆ ಕಂಟ್ರೋಲ್ ಒತ್ತಿದರಾಯಿತು. ಕನ್ನಡದಲ್ಲಿ ಒಂದು ಪಾಠ ಸಿದ್ಧವಾದ ದಿನವೇ ಅದು ಆ ಗುರುಗಳಿಗೂ ಹೋಗಲಿ. ಅವರು ಮಾಡಿದ್ದು ನಮಗೂ ಬರಲಿ.

ಕಮಲಾಪುರದ ಡಯಟ್‌ನವರಲ್ಲಿ, ಮೂರೂ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳಲ್ಲಿ ಒಂದು ಮನವಿ. ಈ ಫೈಲುಗಳನ್ನು ಇಡಲು ಒಂದು ಸಾಮಾನ್ಯ ಜಾಗ ಮಾಡಿಕೊಡಿ, ವಿಷಯಕ್ಕೊಬ್ಬರಂತೆ ತಪ್ಪು ನೋಡುವವರನ್ನು ನೇಮಿಸಿ. ಇದಕ್ಕಾಗಿ ಹೊಸ ನಮೂನೆ, ಹೊಸ ವರದಿ, ಹೊಸ ಫೋಟೊ ದಯವಿಟ್ಟು ಕೇಳಬೇಡಿ. ಕೇಳಿದರೆ ಉಳಿಸಿದ ಹೊತ್ತೆಲ್ಲ ಅಲ್ಲಿಗೇ ಹೋಗುತ್ತದೆ.

ಗುರುಗಳೇ, ಅಕ್ಕೋರೇ, ಮುಂದಿನ ಸಮಾಲೋಚನಾ ಸಭೆಗೆ ಬರುವಾಗ ಪ್ರತಿಯೊಬ್ಬರೂ ಒಂದು ಪೆನ್‌ಡ್ರೈವ್ ತನ್ನಿ. ನೀವು ಈಗಾಗಲೇ ಮಾಡಿದ ಪಾಠಗಳಲ್ಲಿ ನಿಮಗೆ ಸರಿ ಅನಿಸಿದ ಒಂದು ಅದರಲ್ಲಿ ಇರಲಿ, ನುಡಿ ಫಾಂಟಿನಲ್ಲಿ ಇದ್ದರೂ ನಡೆಯುತ್ತದೆ, ಅಲ್ಲಿಯೇ ಕೂತು ಬದಲಿಸೋಣ. ಸಭೆ ಏಳುವುದರೊಳಗೆ ಯಾರಿಗೆ ಯಾವ ಪಾಠ ಎಂಬ ಪಟ್ಟಿ ಬರೆದು ಎಲ್ಲರೂ ಸಹಿ ಹಾಕಿ ಸಿಆರ್‌ಪಿಯವರ ಕೈಗೆ ಕೊಡೋಣ. ಮೊದಲ ಗಡುವು ದಸರಾ ರಜೆ ಮುಗಿಯುವ ದಿನ ಎಂದು ಇಟ್ಟುಕೊಳ್ಳೋಣ. ಟೈಪಿಂಗ್ ಬಾರದವರು ಕೈಬರಹದಲ್ಲಿ ತಂದುಕೊಟ್ಟರೂ ಸಾಕು, ಟೈಪ್ ಮಾಡಿಕೊಡಲು ನಾನಿದ್ದೇನೆ.

ಇಂತಿ,
ನಿಮ್ಮೊಂದಿಗೆ ಪಾಠ ಹೇಳುತ್ತಿರುವ ಒಬ್ಬ ಶಿಕ್ಷಕ